ಪದಚರ್ಚೆ: ‘ವ್ಯಾಪಾರ ರಹಸ್ಯ’, ‘ಗೌಪ್ಯ ಮಾಹಿತಿ’, ‘ಕಸುಬಿನ ಗುಟ್ಟು’ – ಕರಾರಿಗೆ ಯಾವುದು?

ಬಳಗಕ್ಕೆ ನಮಸ್ಕಾರ.

ಹುಬ್ಬಳ್ಳಿ ತಾರಿಹಾಳದ ವಾಲ್ವ್ ಕಾರಖಾನೆಯೊಂದರ ನೇಮಕಾತಿ ಕರಾರನ್ನು ಕನ್ನಡದಲ್ಲಿ ಬರೆಯುವುದಿದೆ. ‘ಟ್ರೇಡ್ ಸೀಕ್ರೆಟ್’ ಎನ್ನುವುದಕ್ಕೆ ಕರಡಿನಲ್ಲಿ ಒಂದು ಕಡೆ ‘ವ್ಯಾಪಾರ ರಹಸ್ಯ’, ಮತ್ತೊಂದು ಕಡೆ ‘ಗೌಪ್ಯ ಮಾಹಿತಿ’ ಎಂದಿದೆ. ಮಾಲಕರಿಗೆ ‘ಕಸುಬಿನ ಗುಟ್ಟು’ ಹಿಡಿಸಿದೆ. ಮೂರಕ್ಕೂ ಒಂದೇ ಅರ್ಥವೇ?

*

ಒಂದೇ ಅಲ್ಲ ಸರ್. ಕರಾರಿನಲ್ಲಂತೂ ಬೆರೆಸಲೇಬೇಡಿ.

‘ಗೌಪ್ಯ ಮಾಹಿತಿ’ಯ ವ್ಯಾಪ್ತಿ ದೊಡ್ಡದು. ನೌಕರರ ಪಗಾರ, ಬ್ಯಾಂಕ್ ವಿವರ ಎಲ್ಲವೂ ಅದರಲ್ಲಿ ಬಂತು. ‘ವ್ಯಾಪಾರ ರಹಸ್ಯ’ ಅದರೊಳಗಿನ ಒಂದು ಪಾಲು ಮಾತ್ರ. ಬೌದ್ಧಿಕ ಸ್ವತ್ತಿನ ಬಗೆಗಿನ ಅಂತರರಾಷ್ಟ್ರೀಯ ಟ್ರಿಪ್ಸ್ ಒಪ್ಪಂದದ 39ನೇ ವಿಧಿ ಇದಕ್ಕೆ ಮೂರು ಷರತ್ತು ಹಾಕಿದೆ: ವಿಷಯ ಆ ಕಸುಬಿನವರಿಗೆ ಸಾಮಾನ್ಯವಾಗಿ ಗೊತ್ತಿರಬಾರದು, ಗುಟ್ಟಾಗಿರುವುದರಿಂದಲೇ ಅದಕ್ಕೆ ಬೆಲೆ ಬಂದಿರಬೇಕು, ಗುಟ್ಟು ಕಾಯಲು ಮಾಲಕರು ತಕ್ಕ ಕ್ರಮ ಕೈಗೊಂಡಿರಬೇಕು. ಸಣ್ಣ ಕಾರಖಾನೆಗಳು ಸೋಲುವುದು ಮೂರನೆಯದರಲ್ಲಿ. ಡ್ರಾಯಿಂಗ್‌ಗಳು ಎಲ್ಲರೂ ಇರುವ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದ್ದರೆ ಅವನ್ನು ರಹಸ್ಯವೆಂದು ಸಾಧಿಸುವುದು ಕಷ್ಟ.

ವಾಲ್ವಿನ ಅಳತೆ ರಹಸ್ಯವಾಗಿ ಉಳಿಯುವುದಿಲ್ಲ. ಪೇಟೆಯಲ್ಲಿ ಒಂದು ವಾಲ್ವ್ ಕೊಂಡು, ಬಿಚ್ಚಿ, ವರ್ನಿಯರ್ ಹಿಡಿದು ಅಳೆದರೆ ಅದು ಕಳವಲ್ಲ. ಆದರೆ ಸೀಟ್ ಲ್ಯಾಪಿಂಗ್‌ನಲ್ಲಿ (ವಾಲ್ವ್ ಸೋರದಂತೆ ಅದರ ಮುಚ್ಚಳ ಕೂರುವ ಮೈಯನ್ನು ಪೇಸ್ಟ್ ಹಚ್ಚಿ ಉಜ್ಜಿ ನಯಗೊಳಿಸುವುದು) ಮೊದಲು ಎಷ್ಟು ದಪ್ಪ ಕಣದ ಪೇಸ್ಟ್, ಆಮೇಲೆ ಯಾವುದು, ಎಷ್ಟು ಹೊತ್ತು, ಎಷ್ಟು ಒತ್ತಡ ಎಂಬುದು ಬಿಚ್ಚಿದರೂ ಕಾಣದು. ಯಾವ ಬ್ಯಾಚು ಏಕೆ ಸೋರಿತು ಎಂಬ ರಿಜೆಕ್ಷನ್ ದಾಖಲೆಯೂ ಹಾಗೇ. ಎದುರಾಳಿಗೆ ತಿಂಗಳುಗಟ್ಟಲೆ ಪ್ರಯೋಗ ಉಳಿಸುವ ಕಾಗದ ಅದು. ಇಂಥವೇ ನಿಜವಾದ ರಹಸ್ಯ. ಲೇಥಿನ ಮೇಲೆ ಕಾಮಗಾರನಿಗೆ ಕುದುರಿದ ಕೈ ಮಾತ್ರ ಅವನ ಸ್ವಂತದ್ದು, ಅದನ್ನು ಈ ಪದದೊಳಗೆ ಎಳೆದು ತರುವುದು ಅನ್ಯಾಯ.

ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ 289ನೇ ವರದಿಯೊಂದಿಗೆ ಒಂದು ಕರಡು ಮಸೂದೆ ಕೊಟ್ಟಿದೆ. ಸದ್ಯಕ್ಕೆ ಆಧಾರವೆಂದರೆ ಕರಾರು, ಮತ್ತು ನಂಬಿ ಹೇಳಿದ್ದನ್ನು ದುರುಪಯೋಗ ಮಾಡಬಾರದೆಂಬ ನ್ಯಾಯತತ್ತ್ವ. ಹೀಗಾಗಿ ವ್ಯಾಖ್ಯೆಯ ಕಲಮು ಬಿಗಿಯಾಗಿರಲಿ. ‘ನೌಕರಿ ಬಿಟ್ಟ ಮೇಲೆ ಎರಡು ವರ್ಷ ಬೇರೆ ವಾಲ್ವ್ ಕಾರಖಾನೆ ಸೇರಬಾರದು’ ಎಂದು ಬರೆದರೆ 1872ರ ಕರಾರು ಕಾಯ್ದೆಯ 27ನೇ ಕಲಮಿನಡಿ ಅದು ಶೂನ್ಯ. ‘ರಹಸ್ಯವನ್ನು ಬಳಸಬಾರದು, ಹೊರಗೆಡಹಬಾರದು’ ಎಂಬುದು ನಿಲ್ಲುತ್ತದೆ.

*

ಮೇಲಿನ ಮಾತಿಗೆ ಒಂದು ಸೇರಿಕೆ. 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ಕೂಡ ವಾಣಿಜ್ಯಕ ಗೋಪ್ಯತೆ, ವ್ಯಾಪಾರ ರಹಸ್ಯ, ಬೌದ್ಧಿಕ ಸ್ವತ್ತು ಇವನ್ನು ಬಿಡಿಬಿಡಿಯಾಗಿ ಹೆಸರಿಸುತ್ತದೆ. ಸರಕಾರಿ ಟೆಂಡರಿಗೆ ತಾಂತ್ರಿಕ ವಿವರ ಕೊಡುವವರು ಆಯಾ ಪುಟದ ಮೇಲೇ ‘ಗೋಪ್ಯ’ ಎಂದು ಗುರುತು ಹಾಕಲಿ. ಆಗ ಯಾರಾದರೂ ಅರ್ಜಿ ಹಾಕಿ ಆ ಪುಟ ಕೇಳಿದರೆ, ಕೊಡುವ ಮುನ್ನ 11ನೇ ಕಲಮಿನಂತೆ ನೋಟಿಸು ಬರಬೇಕು. ಆಕ್ಷೇಪಣೆಗೆ ನೋಟಿಸು ಮುಟ್ಟಿದಂದಿನಿಂದ 10 ದಿನ. (ಸಂಸ್ಕೃತದ ರೂಪ ‘ಗೋಪ್ಯ’. ‘ಗೌಪ್ಯ’ ಬಳಕೆಯಲ್ಲಿ ಗಟ್ಟಿಯಾಗಿ ಕೂತಿದೆ. ಕರಾರಿನಲ್ಲಿ ಎರಡರಲ್ಲೊಂದನ್ನೇ ಕೊನೆತನಕ ಬಳಸಿ.)

‘ಕಸುಬಿನ ಗುಟ್ಟು’ ಚೆಂದದ ಮಾತು, ಕಾಮಗಾರರಿಗೆ ಓದಿ ಹೇಳುವಾಗ ಅದೇ ಸರಿ. ಆದರೆ ಧಾರವಾಡ ಪೇಢೆಯ ಮಾತು ಬಂದಾಗ ಅದನ್ನು ಜಿಐ (ಊರಿನ ಹೆಸರಿನ ಸರಕಿಗೆ ಸಿಗುವ ಭೌಗೋಳಿಕ ಗುರುತು) ಜೊತೆ ಕಲಸುವುದುಂಟು. ಜಿಐ ಕಾಯುವುದು ‘ಧಾರವಾಡ ಪೇಢೆ’ ಎಂಬ ಹೆಸರನ್ನು. ಖೋವಾ ಹುರಿಯುವ ಹದವನ್ನು ಮನೆತನವೇ ಕಾಯಬೇಕು. ಪೇಟೆಂಟ್ ಬೇಕೆಂದರೆ ವಿಧಾನ ಬಿಚ್ಚಿಡಬೇಕು, ಅರ್ಜಿ ಹಾಕಿದಂದಿನಿಂದ 20 ವರ್ಷಕ್ಕೆ ಅದು ಎಲ್ಲರ ಪಾಲು.

ಕಲಮು ಹೀಗಿರಬಹುದು: “‘ವ್ಯಾಪಾರ ರಹಸ್ಯ’ (ಕಸುಬಿನ ಗುಟ್ಟು) ಎಂದರೆ, ಅನುಬಂಧ 1ರಲ್ಲಿ ಹೆಸರಿಸಿದ, ಕಸುಬಿನವರಲ್ಲಿ ಸಾಮಾನ್ಯವಾಗಿ ತಿಳಿದಿರದ, ಮಾಲಕರು ಕಾಪಾಡಿಕೊಂಡು ಬಂದ ವಿಧಾನ, ಪ್ರಮಾಣ ಮತ್ತು ದಾಖಲೆ.” ಅನುಬಂಧದಲ್ಲಿ ‘ಸೀಟ್ ಲ್ಯಾಪಿಂಗ್ ಕ್ರಮ’ ಎಂಬ ತಲೆಬರಹವಷ್ಟೇ ಇರಲಿ, ಕ್ರಮವನ್ನೇ ಬರೆದುಬಿಡಬೇಡಿ. ಪುಟಪುಟಕ್ಕೂ ಸಹಿ ಆಗಲಿ.