ಹಳೇ ಆಟೊಮ್ಯಾಟಿಕ್ ಕಾರು, ಗೇರ್ ಬದಲಾಗುವಾಗ ಜರ್ಕ್: ಬಿಚ್ಚಿಸೋ ಮೊದಲು ಏನೇನು ನೋಡಬೇಕು?

ಚಿಕ್ಕಮಗಳೂರಿನಿಂದ ಕೇಳಿದ್ದು:

ನನ್ನದು 2010ರ ಆಟೊಮ್ಯಾಟಿಕ್ ಸೆಡಾನ್, ಸೆಕೆಂಡ್ ಹ್ಯಾಂಡ್. ಬೆಳಿಗ್ಗೆ ಚಳಿಯಲ್ಲಿ ಡಿಗೆ ಹಾಕಿದರೆ ಎರಡು ಮೂರು ಸೆಕೆಂಡ್ ಸುಮ್ನೆ ನಿಂತಿರುತ್ತದೆ, ಆಮೇಲೆ ದಢಕ್ ಅಂತ ಹಿಡಿಯುತ್ತದೆ. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಜರ್ಕ್. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗ, ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ, ಆರ್‌ಪಿಎಂ ಮುಳ್ಳು ಮಾತ್ರ ಏರುತ್ತದೆ, ಗಾಡಿ ಎಳೆಯಲ್ಲ. ಇಲ್ಲಿ ಒಂದು ಗ್ಯಾರೇಜಿನವರು ಓಡಿಸಿಯೂ ನೋಡದೆ "ಗೇರ್‌ಬಾಕ್ಸ್ ಇಳಿಸಬೇಕು, ಇಲ್ಲಾಂದ್ರೆ ಮಾರಿಬಿಡಿ" ಅಂದರು. ಹಳೇ ಆಟೊಮ್ಯಾಟಿಕ್ ಇಟ್ಟುಕೊಂಡವರು ನಿಮ್ಮ ಅನುಭವ ಹೇಳಿ.

ಹಾಸನದಿಂದ:

ಸಾರ್, ಇಳಿಸೋದಕ್ಕೆ ಈಗಲೇ ಒಪ್ಪಬೇಡಿ. ಯಾವ ಕಂಪನಿಯ ಗಾಡಿ ಅಂತ ನೀವು ಬರೆದಿಲ್ಲ, ಅದೇ ಮುಖ್ಯ. ನಮ್ಮಲ್ಲಿ ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸಿಗೇ ತಾನೇ ಗೇರ್ ಹಾಕೋ ಯಂತ್ರ ಜೋಡಿಸಿದ್ದು) ಬಂದಿದ್ದೇ 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ, ಹಾಗಾಗಿ ನಿಮ್ಮದು ಹೆಚ್ಚಾಗಿ ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಆಯಿಲ್ ಮೂಲಕ ದಾಟಿಸೋದು, ಗೇರುಗಳಿರೋದು) ಅಥವಾ ಸಿವಿಟಿ (ಬೆಲ್ಟಿನದು, ಬೇರೆ ಬೇರೆ ಗೇರೇ ಇಲ್ಲದ್ದು) ಇರಬೇಕು. ಒಂದೇ ಹೆಸರಿನ ಗಾಡಿಯಲ್ಲೂ ಇದು ಬದಲಾಗುತ್ತದೆ. ಹೋಂಡಾ ಸಿಟಿಯನ್ನೇ ನೋಡಿ, 2008ರ ಕೊನೆಗೆ ಬಂದ ಮಾಡೆಲ್‌ನಲ್ಲಿ ಐದು ಗೇರಿನ ಟಾರ್ಕ್ ಕನ್ವರ್ಟರ್, ಅದರ ಹಿಂದಿನದರಲ್ಲೂ ಮುಂದಿನದರಲ್ಲೂ ಸಿವಿಟಿ. ಎರಡಕ್ಕೂ ಆಯಿಲ್ ಬೇರೆ. ಎರಡರಿಂದ ಮೂರಕ್ಕೆ ಜರ್ಕ್ ಅಂತೀರಲ್ಲ, ಅಂದ್ರೆ ನಿಮ್ಮದು ಟಾರ್ಕ್ ಕನ್ವರ್ಟರ್ ಅಂತಲೇ ಇಟ್ಟುಕೊಂಡು ಬರೀತೀನಿ.

ಮೊದಲು ಗೇರ್‌ಬಾಕ್ಸ್ ಆಯಿಲ್. ಇದನ್ನು ಇಂಜಿನ್ ಆಯಿಲ್ ನೋಡಿದ ಹಾಗೆ ನೋಡಿದರೆ ತಪ್ಪು ಲೆಕ್ಕ ಸಿಗುತ್ತದೆ. ಹೋಂಡಾ ಆದರೆ ರೇಡಿಯೇಟರ್ ಫ್ಯಾನ್ ತಿರುಗುವಷ್ಟು ಬಿಸಿ ಮಾಡಿ, ಸಮತಟ್ಟು ಜಾಗದಲ್ಲಿ ಇಂಜಿನ್ ಆಫ್ ಮಾಡಿ, 60ರಿಂದ 90 ಸೆಕೆಂಡ್ ಒಳಗೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ತೆಗೆಯಬೇಕು. ಬೇರೆ ಎಷ್ಟೋ ಗಾಡಿಗಳಲ್ಲಿ ಬ್ರೇಕ್ ಒತ್ತಿಕೊಂಡು ಲಿವರನ್ನು ಎಲ್ಲ ಗೇರಿಗೂ ಒಂದು ಸುತ್ತು ಹಾಕಿ, ಇಂಜಿನ್ ಓಡುತ್ತಿರುವಾಗಲೇ ನೋಡಬೇಕು. ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇಲ್ಲ. ನಿಮ್ಮ ಮ್ಯಾನುಯಲ್‌ನಲ್ಲಿ ಏನಿದೆಯೋ ಅದೇ ಸರಿ.

ಆಯಿಲನ್ನು ಬಿಳಿ ಕಾಗದದ ಮೇಲೆ ಒಂದೆರಡು ಹನಿ ಬಿಡಿ. ಕೆಂಪಗಿದ್ದರೆ ಚೆನ್ನಾಗಿದೆ. ಕಂದು ಆಗಿದ್ದರೆ ಹಳೇದು. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಪ್ಲೇಟು ಸವೆದಿರೋ ಸಾಧ್ಯತೆ ಜಾಸ್ತಿ. ಬೇಕರಿಯ ರೋಸ್ ಮಿಲ್ಕ್ ತರ ಇದ್ದರೆ ಗಾಡಿ ಓಡಿಸಲೇಬೇಡಿ, ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ತೂತಾಗಿ ನೀರು ಸೇರಿದೆ ಅಂತ ಅರ್ಥ. ಮಳೆಗಾಲದಲ್ಲಿ ತುಂಬಿದ ಹಳ್ಳ ದಾಟಿಸಿದ ಗಾಡಿಗಳಲ್ಲೂ ಹೀಗಾಗಬಹುದು.

ಬದಲಾಯಿಸುವುದಾದರೆ ಡ್ರೈನ್ ಮಾಡಿ ತುಂಬಿಸೋದು ಸಾಕು, ಮೆಷಿನ್ ಫ್ಲಶ್ (ಯಂತ್ರ ಹಚ್ಚಿ ಹಳೇ ಆಯಿಲೆಲ್ಲ ಹೊರಗೆ ತಳ್ಳೋದು) ಬೇಡ. ಡ್ರೈನ್ ಮಾಡಿದರೆ ಅರ್ಧವೂ ಇಳಿಯಲ್ಲ, ಉಳಿದದ್ದು ಕನ್ವರ್ಟರ್‌ನಲ್ಲೇ ಇರುತ್ತದೆ, ಅದಕ್ಕೇ ಸ್ವಲ್ಪ ಓಡಿಸಿ ಮತ್ತೆ ಮಾಡಿಸಬೇಕು. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಒರೆಸೋಕೆ ಮುಂಚೆ ನಿಮಗೆ ತೋರಿಸೋಕೆ ಹೇಳಿ. ನುಣ್ಣಗೆ ಬೂದು ಪೇಸ್ಟ್ ಮೆತ್ತಿದ್ದರೆ ಪರವಾಗಿಲ್ಲ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಗ್ಯಾರೇಜಿನವರು ಹೇಳಿದ್ದೇ ಸರಿ ಇರಬಹುದು. "ಆಯಿಲ್ ಬದಲಾಯಿಸಿದ ಮೇಲೇ ಗೇರ್‌ಬಾಕ್ಸ್ ಹೋಯ್ತು" ಅನ್ನೋರು ಸಿಗ್ತಾರೆ. ನನ್ನ ಪ್ರಕಾರ ಅದು ಮೊದಲೇ ಹೋಗಿತ್ತು, ಅದಕ್ಕೇ ಆಯಿಲ್ ನೆನಪಾಗಿದ್ದು.

ಬೇಲೂರಿನಿಂದ:

ಜರ್ಕ್ ಅಂದರೆಲ್ಲ ಗೇರ್‌ಬಾಕ್ಸ್ ಅಲ್ಲ ಮಾರಾಯ್ರೆ. ನನಗೂ ಒಂದು ಕಡೆ ಓವರ್‌ಹಾಲ್ (ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ರಿಪೇರಿ) ಅಂತ ದೊಡ್ಡ ಎಸ್ಟಿಮೇಟ್ ಕೊಟ್ಟರು, ಕೊನೆಗೆ ನೋಡಿದರೆ ಇಂಜಿನ್ ಕೂತಿರೋ ಮೌಂಟ್ ರಬ್ಬರ್ ಹರಿದಿತ್ತು. ಮನೆಯಲ್ಲೇ ನೋಡಬಹುದು. ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಒಳಗೆ ಕೂತು ಬ್ರೇಕನ್ನು ಬಲವಾಗಿ ಒತ್ತಿಕೊಂಡು ಡಿಗೆ ಹಾಕಲಿ, ಆಮೇಲೆ ಆರ್‌ಗೆ. ನೀವು ಪಕ್ಕದಲ್ಲಿ ನಿಂತು ನೋಡಿ, ಗಾಡಿ ಮುಂದೆ ನಿಲ್ಲಬೇಡಿ. ಇಂಜಿನ್ ಸ್ವಲ್ಪ ಅಲುಗಾಡೋದು ಸಹಜ. ಒಂದು ಕಡೆ ಮೇಲೆದ್ದು ಟಕ್ ಅಂತ ಕೂತರೆ ಮೌಂಟ್ ಹೋಗಿದೆ.

ಕೆಲವರು ಬ್ರೇಕ್ ಒತ್ತಿಕೊಂಡೇ ಆಕ್ಸಲರೇಟರ್ ಪೂರ್ತಿ ಒತ್ತಿ ಟೆಸ್ಟ್ ಮಾಡ್ತಾರಲ್ಲ, ಅದನ್ನ ನೀವು ಮಾಡೋಕೆ ಹೋಗಬೇಡಿ, ಆಯಿಲ್ ಕುದ್ದುಹೋಗುತ್ತೆ.

ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್ ಕೂಡ ನೋಡಿಸಿ. ವೋಲ್ಟೇಜ್ ಸರಿ ಇಲ್ಲದಿದ್ದರೆ ಸಾಲಿನಾಯ್ಡ್ (ಗೇರ್ ಬದಲಿಸೋ ಕರೆಂಟಿನ ವಾಲ್ವ್) ಹುಚ್ಚಾಟ ಆಡುತ್ತೆ. ನಿಮ್ಮದು ಹೋಂಡಾ ಆಗಿದ್ದು ಮೀಟರ್‌ನಲ್ಲಿ ಡಿ ಅಕ್ಷರ ಮಿಣುಕುತ್ತಿದ್ದರೆ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ದೋಷದ ಕೋಡ್ ಬಿದ್ದಿದೆ ಅಂತ. ಎಷ್ಟೋ ಹೋಂಡಾಗಳಲ್ಲಿ ಎರಡು-ಮೂರರ ಜರ್ಕಿಗೆ ಆಯಿಲ್ ಒತ್ತಡ ನೋಡೋ ಪ್ರೆಶರ್ ಸ್ವಿಚ್ ಕಾರಣ. ಅದು ಹೊರಗಡೆಯೇ ಸ್ಕ್ರೂ ಆಗಿರುತ್ತೆ, ಏನನ್ನೂ ಇಳಿಸಬೇಕಿಲ್ಲ. ಇನ್ನು ಆ ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ನಂಬಬೇಡಿ, ಬಹಳಷ್ಟು ಇಂಜಿನ್ ಕೋಡ್ ಮಾತ್ರ ಓದುತ್ತವೆ. ಪಿ0700 ಬಂದರೆ ಅದರ ಅರ್ಥ "ಗೇರ್‌ಬಾಕ್ಸ್ ಕಂಪ್ಯೂಟರನ್ನು ಕೇಳು" ಅಂತ ಅಷ್ಟೇ, ಅದನ್ನು ಓದೋ ಸ್ಕ್ಯಾನರ್ ಬೇಕು.

ಮೂಡಿಗೆರೆಯಿಂದ:

ಘಾಟಿಯಲ್ಲಿ ಓಡಿಸೋರಿಗೆ ಒಂದು ಮಾತು. ಚಾರ್ಮಾಡಿ ಹತ್ತುವಾಗ ಗಾಡಿ ಮೂರು-ನಾಲ್ಕು ಅಂತ ಹೊಯ್ದಾಡಿದರೆ ಅದು ರೋಗ ಅಲ್ಲ, ಲಿವರ್ ಕೆಳಗಿನ ಗೇರಿಗೆ ಎಳೆದಿಡಿ, ಆಯಿಲ್ ಬಿಸಿಯಾಗೋದೂ ಕಡಿಮೆ. ಆರ್‌ಪಿಎಂ ಏರಿ ಗಾಡಿ ಏರದಿದ್ದರೆ ಅದು ಬೇರೆ, ಅದು ಸ್ಲಿಪ್.

ಸಮತಟ್ಟು ರೋಡಲ್ಲಿ, 50-60ರಲ್ಲಿ ಹಗುರವಾಗಿ ಒತ್ತಿಕೊಂಡು ಹೋಗುವಾಗ ಗಡಗಡ ನಡುಗಿದರೆ ಹಿಂದೆ ಮುಂದೆ ಯಾರೂ ಇಲ್ಲದಾಗ ಎಡಗಾಲಲ್ಲಿ ಬ್ರೇಕ್ ಪೆಡಲನ್ನು ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ನಡುಕ ತಕ್ಷಣ ನಿಂತರೆ ಕನ್ವರ್ಟರ್ ಲಾಕ್-ಅಪ್ (ಒಂದೇ ವೇಗದಲ್ಲಿ ಹೋಗುವಾಗ ಕನ್ವರ್ಟರನ್ನು ಬಿಗಿ ಹಿಡಿಯೋ ಕ್ಲಚ್) ಮೇಲೆ ಅನುಮಾನ. ನಿಲ್ಲದಿದ್ದರೆ ಇಗ್ನಿಷನ್ ಕಾಯಿಲ್, ಪ್ಲಗ್ ನೋಡಿಸಿ.

ಎಲ್ಲಾದರೂ ಕೈಕೊಟ್ಟರೆ ಹಗ್ಗ ಕಟ್ಟಿ ಎಳೆಸಬೇಡಿ. ಇಂಜಿನ್ ಆಫ್ ಆದಾಗ ಆಯಿಲ್ ಪಂಪ್ ತಿರುಗಲ್ಲ, ಚಕ್ರ ತಿರುಗಿದಷ್ಟೂ ಒಳಗೆ ಒಣಗಿಕೊಂಡು ಸವೆಯುತ್ತೆ. ಕೊಟ್ಟಿಗೆಹಾರದಲ್ಲಿ ಕಾಯೋದಾದರೂ ಸರಿ, ಫ್ಲ್ಯಾಟ್‌ಬೆಡ್ಡೇ ಬರಲಿ.

ಚಿಕ್ಕಮಗಳೂರಿನಿಂದ, ಕೇಳಿದವರೇ:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮ್ಯಾನುಯಲ್ ಹೇಳಿದ ಹಾಗೆ ನೋಡಿದೆ. ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿದೆ. ಬಣ್ಣ ಕಂದು, ಸುಟ್ಟ ವಾಸನೆ ಇಲ್ಲ. ಎಡಗಡೆ ಡ್ರೈವ್ ಶಾಫ್ಟ್ ಒಳಗೆ ಹೋಗೋ ಜಾಗದಲ್ಲಿ ಒದ್ದೆ ಇದೆ, ಧೂಳು ಮೆತ್ತಿಕೊಂಡಿದೆ. ಮೌಂಟ್ ಸರಿ ಇದೆ.

ಹಾಸನದಿಂದ:

ಹಾಗಾದರೆ ಶಾಫ್ಟ್ ಸೀಲ್ ಸೋರುತ್ತಿದೆ. ಈ ಆಯಿಲ್ ಇಂಜಿನ್ ಆಯಿಲ್ ಹಾಗೆ ಉರಿದು ಖರ್ಚಾಗೋದಲ್ಲ, ಕಮ್ಮಿ ಆಗಿದೆ ಅಂದರೆ ಸೋರಿದೆ ಅಂತಲೇ. ಲೆವೆಲ್ ಕಮ್ಮಿ ಇದ್ದರೆ ಪಂಪ್ ಗಾಳಿ ಎಳೆಯುತ್ತೆ, ನಿಮ್ಮ ಬೆಳಗಿನ ತಡ, ಏರಿನಲ್ಲಿ ಸ್ಲಿಪ್ ಎರಡಕ್ಕೂ ಅದು ಹೊಂದುತ್ತೆ. ಮೊದಲು ಸೀಲ್ ಹಾಕಿಸಿ, ಕಂಪನಿ ಹೇಳಿದ ಆಯಿಲನ್ನೇ ತುಂಬಿಸಿ, ಲೆವೆಲ್ ಸರಿ ಆಗೋವರೆಗೆ ಘಾಟಿ ಕಡೆ ಹೋಗಬೇಡಿ. ಆಮೇಲೂ ಬಿಸಿಯಲ್ಲಿ ಸ್ಲಿಪ್ ಆದರೆ ಕ್ಲಚ್ ಸವೆದಿದೆ ಅಂತ, ಆಗ ಓವರ್‌ಹಾಲ್ ಮಾತಾಡೋಣ. ಚಿಕ್ಕಮಗಳೂರಲ್ಲಿ ಗೇರ್‌ಬಾಕ್ಸ್ ಕೋಡ್ ಓದೋ ಸ್ಕ್ಯಾನರ್ ಯಾರ ಹತ್ರ ಇದೆ, ಗೊತ್ತಿರೋರು ಇವರಿಗೆ ಹೇಳಿ.