ಸಹಾಯ ಬೇಕು: ಮುರಕಲ್ಲಿನ ನೆಲದಲ್ಲಿ ಮಾಡೆಲ್ ಜೆಟ್‌ನ ಮುಂದಿನ ಚಕ್ರ ತಾಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು. ನನ್ನದು ರಿಮೋಟ್‌ನಲ್ಲಿ ಹಾರಿಸುವ, 70 ಮಿ.ಮೀ. ಫ್ಯಾನ್‌ನ ಫೋಮ್ ಜೆಟ್. ಗಾಳಿಯಲ್ಲಿ ಚಂದ ಹಾರುತ್ತದೆ. ಕಷ್ಟ ಇರುವುದು ನೆಲದ ಮೇಲೆ.

ನಾವು ಹಾರಿಸುವುದು ಮಣಿಪಾಲದ ಹತ್ತಿರ ಒಂದು ಬಯಲಿನಲ್ಲಿ. ಮಳೆ ನಿಂತ ಮೇಲೆ ಕೆಂಪು ಮಣ್ಣು ಗಟ್ಟಿಯಾಗಿದೆ, ಆದರೆ ಎಲ್ಲಿ ನೋಡಿದರೂ ಗೇರುಬೀಜದಷ್ಟು ದಪ್ಪದ ಕಲ್ಲು. ಮುಂದಿನ ಚಕ್ರ ಸಣ್ಣದು, ಕಲ್ಲಿಗೆ ತಾಗಿದ ಕೂಡಲೇ ಕಾಲು ಹಿಂದಕ್ಕೆ ಬಾಗುತ್ತಿತ್ತು. ಅದಕ್ಕೆ ಕಾಲಿನ 3 ಮಿ.ಮೀ. ತಂತಿ ತೆಗೆದು 4 ಮಿ.ಮೀ. ಹಾಕಿದೆ. ತಪ್ಪಾಯಿತು ಅನ್ನಿಸುತ್ತದೆ. ಈಗ ತಂತಿ ಬಾಗುವುದಿಲ್ಲ, ಪೆಟ್ಟೆಲ್ಲ ಮೇಲಕ್ಕೆ ಹೋಗುತ್ತದೆ. ಕಳೆದ ಭಾನುವಾರ ಮೆತ್ತಗೆ ಇಳಿಸಿದರೂ ಕಾಲನ್ನು ಫೋಮ್‌ಗೆ ಹಿಡಿದಿಡುವ ಪ್ಲಾಸ್ಟಿಕ್ ಮೌಂಟ್ ಕಿತ್ತು ಬಂತು. ಗಮ್ ಬಿಟ್ಟಿಲ್ಲ, ಗಮ್‌ಗೆ ಅಂಟಿಕೊಂಡೇ ಫೋಮ್ ಹರಿದಿದೆ. ನೋಡಿ ತುಂಬಾ ಬೇಜಾರಾಯಿತು.

ಟೇಕಾಫ್‌ಗೆ ಓಡುವಾಗ ಹಾವಿನ ಹಾಗೆ ಆಚೀಚೆ ಹೋಗುತ್ತಿತ್ತು. ಮುಂದಿನ ಚಕ್ರ ತಿರುಗಿಸುವ ಸರ್ವೋ (ಪುಟ್ಟ ಮೋಟಾರ್) ತಿರುಗುವ ಅಳತೆಯನ್ನು ಅರ್ಧ ಮಾಡಿ, 30% ಎಕ್ಸ್‌ಪೋ (ರಿಮೋಟ್ ಕಡ್ಡಿ ಸ್ವಲ್ಪ ಸರಿಸಿದರೆ ಚಕ್ರ ಇನ್ನೂ ಕಡಿಮೆ ತಿರುಗುವ ಸೆಟ್ಟಿಂಗ್) ಕೊಟ್ಟ ಮೇಲೆ ಎಷ್ಟೋ ವಾಸಿ.

ಈಗ ಪ್ಲೈವುಡ್ ತುಂಡು ಕೂರಿಸಿ, ಸ್ಪ್ರಿಂಗ್ ಇರುವ ಟ್ರೇಲಿಂಗ್ ಲಿಂಕ್ ಕಾಲು (ಚಕ್ರ ಹಿಂದಕ್ಕೆ ಚಾಚಿದ, ಮೇಲೆ ಕೆಳಗೆ ಆಡುವ ತೋಳಿನಲ್ಲಿರುವುದು) ಹಾಕಬೇಕೆಂದಿದ್ದೇನೆ. ಮೂಗಿನ ಭಾರ ಜಾಸ್ತಿಯಾದರೆ ಬ್ಯಾಟರಿ ಹಿಂದೆ ಸರಿಸಿದರೆ ಸಾಕಲ್ವಾ? ದೊಡ್ಡ ಚಕ್ರ ಹಾಕಿದರೆ ಜೆಟ್‌ನ ಮೂಗಿನಲ್ಲಿರುವ ಗುಂಡಿಯೊಳಗೆ ಮಡಚುವುದಿಲ್ಲ. ರಿಟ್ರಾಕ್ಟ್ (ಹಾರುವಾಗ ಕಾಲು ಒಳಗೆ ಮಡಚುವ ವ್ಯವಸ್ಥೆ) ಬಿಟ್ಟು ಕಾಲು ಹಾಗೇ ಇಟ್ಟುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ಇಂಥ ನೆಲದಲ್ಲಿ ಹಾರಿಸಿದವರು ಏನು ಮಾಡಿದ್ದೀರಿ? ಮುಂದಿನ ಚಕ್ರಕ್ಕೂ ಜೈರೋ (ಜೆಟ್ ಆಚೀಚೆ ತಿರುಗಿದರೆ ತಾನೇ ಸರಿಪಡಿಸುವ ಸಾಧನ) ಕೊಡಬಹುದಾ? ಮಂಗಳೂರು ಕಡೆಯವರು ಯಾರಾದರೂ ನೋಡಿ ಹೇಳುವುದಾದರೆ ಜೆಟ್ ಹಿಡಿದುಕೊಂಡು ನಾನೇ ಬರುತ್ತೇನೆ.