ವಾರಕ್ಕೊಂದು ಎಪಿಸೋಡ್ ನೋಡಲಾ, ಎಲ್ಲ ಒಟ್ಟಿಗೆ ನೋಡಲಾ? ನಿಮ್ಮ ಅನುಭವ ಹೇಳಿ

ಸೇಡಂ ರೋಡ್ ಹುಡುಗ:
ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ ಎರಡನೇ ವರ್ಷ, ಕಲಬುರಗಿ. ಮಾರ್ವೆಲ್‌ನವರ ಸೂಪರ್‌ಹೀರೋ ಸಿನಿಮಾ ಎಲ್ಲ ನೋಡಿದ್ದೇನೆ, ಸರಣಿ ಒಂದೂ ನೋಡಿಲ್ಲ. ವಾಂಡಾವಿಷನ್‌ನಿಂದ ಶುರು ಮಾಡಬೇಕು. ಪ್ರತಿ ಎಪಿಸೋಡ್ ಮುಗಿದ ಮೇಲೆ ಅನಿಸಿದ್ದನ್ನು ಬರೆದು ಗೆಳೆಯರ ಗುಂಪಿಗೆ ಹಾಕೋ ಆಸೆ ಇದೆ. ವಾರಕ್ಕೊಂದರಂತೆ ತಡೆದು ನೋಡಲಾ, ಇಲ್ಲ ಒಂದೇ ತಿಂಗಳ ಪ್ಯಾಕ್ ಹಾಕಿಸಿ ಎಲ್ಲ ಮುಗಿಸಲಾ? ಕೈಯಲ್ಲಿ ದುಡ್ಡು ಕಮ್ಮಿ.

ದಾಲ್ ಮಿಲ್ ಅಣ್ಣ:
ವಾರಕ್ಕೊಂದೇ ನೋಡು ತಮ್ಮಾ. ನಾನು ವಾಂಡಾವಿಷನ್ ಹಾಗೇ ನೋಡಿದೆ. 2021ರ ಜನವರಿ 15ಕ್ಕೆ ಶುರು, ಮಾರ್ಚ್ 5ಕ್ಕೆ ಮುಗೀತು. ಮೊದಲ ದಿನ ಎರಡು ಬಂದವು, ಆಮೇಲೆ ಶುಕ್ರವಾರಕ್ಕೊಂದು, ಮಧ್ಯಾಹ್ನ ಒಂದೂವರೆಗೆ. ಜನವರಿ ಅಂದ್ರೆ ನಮ್ಮಲ್ಲಿ ತೊಗರಿ ಬರೋ ಕಾಲ. ಮಿಲ್ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಿರ್ತಿತ್ತು. ನಾನು ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಖಾಲಿ ಚೀಲಗಳ ಮೇಲೆ ಕೂತು ಫೋನಿನಲ್ಲಿ ನೋಡ್ತಿದ್ದೆ. ಕೈಗೆಲ್ಲ ತೊಗರಿ ಹೊಟ್ಟು, ಸ್ಕ್ರೀನ್ ಒರೆಸಿ ಒರೆಸಿ ಸಾಕಾಗ್ತಿತ್ತು.

ದುಡ್ಡಿನ ಮಾತು ಕೇಳಿದ್ದೀಯ, ಹೇಳ್ತೀನಿ. ಆಗ ಮೊದಲು ಹಾಟ್‌ಸ್ಟಾರ್‌ನ 399ರ ಪ್ಯಾಕ್ ಹಾಕಿಸಿದ್ದೆ. ನನಗೆ ಬೇಕಾದ ಇಂಗ್ಲಿಷ್ ಸರಣಿ ಅದರಲ್ಲಿ ಇರಲಿಲ್ಲ. ಮತ್ತೆ 1,499 ಕಟ್ಟಿದೆ. ಒಟ್ಟು 1,898. ನನ್ನ ಆಗಿನ ಸಂಬಳಕ್ಕೆ ಅದು ಆರು ದಿನದ ದುಡಿಮೆ.

ಆದರೆ ಐದನೇ ಎಪಿಸೋಡ್ ಕೊನೆ! ವಾಂಡಾ ಬಾಗಿಲು ತೆಗೀತಾಳೆ, ಎದುರಿಗೆ ಅವಳ ಅವಳಿ ಅಣ್ಣ ಪಿಯೆಟ್ರೋ. ಮುಖ ಮಾತ್ರ ಬೇರೆ ಕಂಪನಿಯ ಎಕ್ಸ್‌ಮೆನ್ ಸಿನಿಮಾದಲ್ಲಿ ಅದೇ ಪಾತ್ರ ಮಾಡಿದ್ದ ಇವಾನ್ ಪೀಟರ್ಸ್‌ದು. ಚೀಲದ ಮೇಲಿಂದ ಎದ್ದು ನಿಂತುಬಿಟ್ಟೆ. ಮುಂದಿನ ನಾಲ್ಕು ವಾರ ಮಿಲ್ಲಿನ ಹಳೇ ಲೆಕ್ಕದ ವಹಿಯ ಹಿಂಬದಿಗೆ 14 ಪುಟ ಬರೆದೆ. ಎಕ್ಸ್‌ಮೆನ್ ಎಲ್ಲ ಈ ಕಡೆ ಬರ್ತಾರೆ ಅಂತ ಲೆಕ್ಕ ಹಾಕಿದ್ದೆ. ಕೊನೆಗೆ ಅವನು ರಾಲ್ಫ್ ಅಂತ ಅದೇ ಊರಿನ ಒಬ್ಬ ಮನುಷ್ಯ, ಅಷ್ಟೇ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೂ ಆ ನಾಲ್ಕು ವಾರದ ಖುಷಿ ಒಂದೇ ರಾತ್ರಿ ಕೂತು ಮುಗಿಸಿದವರಿಗೆ ಸಿಗಲ್ಲ. ವಹಿ ಇನ್ನೂ ಇಟ್ಟಿದ್ದೇನೆ.

ಬೀದರ್ ಅಕ್ಕ:
ಏನ್ರೀ ಇದು? ಹುಡುಗ ಒಂದೂ ನೋಡಿಲ್ಲ ಅಂತ ಬರೆದಿದ್ದಾನೆ. ಪಿಯೆಟ್ರೋ ಯಾರು ಅನ್ನೋದನ್ನೂ ಹೇಳಿ ಮುಗಿಸಿಬಿಟ್ರಲ್ಲ! ವಾರಕ್ಕೊಂದು ನೋಡುವವರ ಕಾಟವೇ ಇದು. ಲೋಕಿ ಮೊದಲ ಸೀಸನ್ ಬಂದಾಗ ನನಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಆರೂ ಎಪಿಸೋಡ್ ಬಂದ ಮೇಲೆ ನೋಡೋಣ ಅಂತ ಕಾದೆ. ಒಬ್ಬರು ಕೊನೆಯ ಎಪಿಸೋಡಿನ ಫೋಟೋ ಸ್ಟೇಟಸ್‌ಗೆ ಹಾಕಿದರು. ಆರು ವಾರ ಕಾದದ್ದು ಒಂದು ಕ್ಷಣಕ್ಕೆ ಹಾಳಾಯ್ತು.

ತಮ್ಮಾ, ಒಟ್ಟಿಗೇ ನೋಡು. ಡೇರ್‌ಡೆವಿಲ್ ಸರಣಿ 2015ರ ಏಪ್ರಿಲ್ 10ಕ್ಕೆ ಹದಿಮೂರೂ ಎಪಿಸೋಡ್ ಒಂದೇ ಸಲ ಬಂದದ್ದು. ನಾನು 2018ರ ಮೇ ತಿಂಗಳ ರಜೆಯಲ್ಲಿ ನೋಡಿದೆ. ಎರಡನೇ ಎಪಿಸೋಡ್ ಕೊನೆಗೆ ಒಂದು ಓಣಿಯಂಥ ಕಾರಿಡಾರ್, ಅದರಲ್ಲಿ ಹೊಡೆದಾಟ. ಎಲ್ಲೂ ಕಟ್ ಕಾಣಲ್ಲ. ನಾಯಕನಿಗೆ ಉಸಿರು ಬರಲ್ಲ, ಗೋಡೆಗೆ ಒರಗ್ತಾನೆ, ಮತ್ತೆ ಎದ್ದು ಹೊಡೀತಾನೆ. ಸರಿಯಾಗಿ ಅಲ್ಲೇ ಕರೆಂಟ್ ಹೋಯ್ತು. ವಾಪಸ್ ಬಂದಾಗ ವೋಲ್ಟೇಜ್ ಏರಿ ರೂಟರ್ ಸುಟ್ಟಿತು, 1,650. ಇನ್ವರ್ಟರ್ ಬ್ಯಾಟರಿಯೂ ಕೈಕೊಟ್ಟಿತು, 13,500. ಹಳೇ ಬ್ಯಾಟರಿಗೆ 2,000 ಬಿಟ್ಟರು. ಆಟೋ ಬಾಡಿಗೆ ಬೇರೆ. ಇಷ್ಟೆಲ್ಲ ಆದ ಮೇಲೂ ಉಳಿದ ಹನ್ನೊಂದು ಎಪಿಸೋಡ್ ಎರಡು ರಾತ್ರಿಯಲ್ಲಿ ಮುಗಿಸಿದೆ. ಆ ಕತೆಯ ಗುಂಗು ಹಾಗೆ ನೋಡಿದರೇ ಹಿಡಿಯೋದು.

ದಾಲ್ ಮಿಲ್ ಅಣ್ಣ:
ಅಕ್ಕಾರ, 2021ರ ಸರಣಿ. ಇಷ್ಟು ವರ್ಷ ಆದ ಮೇಲೂ ಮುಚ್ಚಿಡಬೇಕಾ? ಮತ್ತೆ ಒಟ್ಟಿಗೆ ನೋಡಿದರೂ ಕಾಯೋದು ತಪ್ಪಲ್ಲ. ಲೋಕಿ ಮೊದಲ ಸೀಸನ್ 2021ರ ಜುಲೈ 14ಕ್ಕೆ ಮುಗೀತು, ಅದೂ ನಡುವೆ ಬಿಟ್ಟ ಹಾಗೆ. ಎರಡನೆಯದು ನಮಗೆ ಸಿಕ್ಕಿದ್ದು 2023ರ ಅಕ್ಟೋಬರ್ 6ಕ್ಕೆ, ಬೆಳಗ್ಗೆ ಆರೂವರೆಗೆ. ಎರಡು ವರ್ಷಕ್ಕಿಂತ ಜಾಸ್ತಿ ಕಾದಿರಲ್ಲ, ಆಗ ಏನು ಮಾಡಿದಿರಿ?

ಬೀದರ್ ಅಕ್ಕ:
ಕಾದೆ. ಯಾರಿಗೂ ಕತೆ ಹೇಳಲಿಲ್ಲ. ನೀವು ಬರೆದದ್ದನ್ನು ಅಳಿಸಿ.

ಗುರುಮಠಕಲ್ ಮೇಷ್ಟ್ರು:
ಜಗಳ ಬಿಡಿ. ನಾನು ಮಿಸ್ ಮಾರ್ವೆಲ್ ಮಾತು ಹೇಳ್ತೇನೆ. 2022ರ ಜೂನ್ 8ಕ್ಕೆ ಶುರುವಾಯ್ತು, ಬುಧವಾರಕ್ಕೊಂದು, ಒಟ್ಟು ಆರು. ಸಂಜೆ ಶಾಲೆಯಿಂದ ಬಂದು ಮಕ್ಕಳ ಜೊತೆ ಹಿಂದಿಯಲ್ಲಿ ನೋಡ್ತಿದ್ದೆ. ನಮ್ಮ ಅಜ್ಜಿ ಮಗ್ಗುಲಲ್ಲಿ ಶೇಂಗಾ ಸುಲೀತಾ ಕೂತಿರ್ತಿದ್ದರು. ನಮ್ಮ ಕಡೆ ಹಳಬರಿಗೆ ಹಿಂದಿ, ಉರ್ದು ಎರಡೂ ಅರ್ಥ ಆಗುತ್ತೆ.

ಐದನೇ ಎಪಿಸೋಡಿನಲ್ಲಿ 1947ರ ದೇಶ ವಿಭಜನೆ ಬರುತ್ತೆ. ಕರಾಚಿಗೆ ಹೋಗೋ ಕೊನೇ ರೈಲು, ಗದ್ದಲ, ಆ ಗದ್ದಲದಲ್ಲಿ ಅಪ್ಪನ ಕೈ ತಪ್ಪಿದ ಒಂದು ಕೂಸು. ಅಜ್ಜಿಯ ಕೈ ನಿಂತಿತು. ಬಿಡಿಸಿದ ಕಾಳು ಮುಷ್ಟಿಯಲ್ಲೇ ಇತ್ತು.

ಅಜ್ಜಿ ತವರು ಆಳಂದದ ಹತ್ತಿರದ ಹಳ್ಳಿ. ನಿಜಾಮನ ಕಡೆಯ ರಜಾಕಾರರ ಹಾವಳಿಯಲ್ಲಿ ರಾತ್ರೋರಾತ್ರಿ ಚಕ್ಕಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋಗಿದ್ದರಂತೆ. ಆಗ ಅವರಿಗೆ ಎಂಟು ವರ್ಷ. ದಾರಿಯಲ್ಲಿ ಹಳ್ಳ ದಾಟುವಾಗ ತಮ್ಮ ಹಿಂದೆ ಉಳಿದುಬಿಟ್ಟ. ಅಪ್ಪ ಕಂದೀಲು ಹಿಡಿದು ವಾಪಸ್ ನಡೆದು ಹೋಗಿ ಕರೆತಂದರು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ ಮೇಲೇ ಊರಿಗೆ ತಿರುಗಿ ಬಂದದ್ದು. ಇಷ್ಟು ವರ್ಷ ನಮಗೆ ಇದೇನೂ ಹೇಳಿರಲಿಲ್ಲ. ಆ ಇಡೀ ವಾರ ದಿನಾ ರಾತ್ರಿ ಹೇಳಿದರು. ಮಗಳು ಕೇಳಿ ಕೇಳಿ ನೋಟ್‌ಬುಕ್ಕಿಗೆ ಬರೆದುಕೊಂಡಳು. ಮುಂದಿನ ಎಪಿಸೋಡ್ ಅವತ್ತೇ ಇದ್ದಿದ್ದರೆ ಸುಮ್ನೆ ಒತ್ತಿ ಮುಂದೆ ಹೋಗ್ತಿದ್ವಿ.

ಶಹಾಬಾದ್ ಕಲ್ಲು:
ಮೇಷ್ಟ್ರೇ, ಹಿಂದಿ ಡಬ್ಬಿಂಗ್ ಯಾಕೆ ನೋಡ್ತೀರಿ? ನಟನೆ ಅರ್ಧ ಹೋಗುತ್ತೆ. ಮೂನ್ ನೈಟ್ ಸರಣಿ ತಗೊಳ್ಳಿ. ಆಸ್ಕರ್ ಐಸಾಕ್ ಒಂದೇ ದೇಹದಲ್ಲಿ ಇಬ್ಬರು. ಸ್ಟೀವನ್ ಇಂಗ್ಲೆಂಡಿನವನ ಹಾಗೆ ಮಾತಾಡ್ತಾನೆ, ಮಾರ್ಕ್ ಅಮೆರಿಕದವನ ಹಾಗೆ. ಕಣ್ಣು ಮುಚ್ಚಿಕೊಂಡರೂ ಯಾರ ಮಾತು ಅಂತ ಗೊತ್ತಾಗಬೇಕು. ಅದನ್ನು ಕೇಳೋಕೆ ಅಂತಲೇ 3,200 ಕೊಟ್ಟು ಹೆಡ್‌ಫೋನ್ ತಗೊಂಡೆ. ಮೊದಲನೆಯದರ ಒಂದು ಕಿವಿ ಇಪ್ಪತ್ತೇ ದಿನಕ್ಕೆ ಸತ್ತಿತು. ಬದಲಿ ಸಿಗೋಕೆ ಅಂಗಡಿಗೆ ನಾಲ್ಕು ಸಲ ಅಲೆದೆ. ಆದರೂ ಡಬ್ಬಿಂಗ್‌ಗೆ ಹೋಗಲಿಲ್ಲ.

ಗುರುಮಠಕಲ್ ಮೇಷ್ಟ್ರು:
ನಮ್ಮ ಅಜ್ಜಿಗೆ ಇಂಗ್ಲಿಷ್ ಬರಲ್ಲ, ಓದೋಕೂ ಬರಲ್ಲ. ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ನೋಡಿದ್ದರೆ ಆ ಹಳ್ಳದ ಮಾತು ನನಗೆ ತಿಳೀತಾನೇ ಇರಲಿಲ್ಲ. ನಿಮ್ಮ ರೀತಿ ನಿಮಗೆ ಸರಿ. ನಾನು ಅರ್ಧ ನೋಡಿದೆ ಅಂತ ಮಾತ್ರ ಹೇಳಬೇಡಿ.

ದಾಲ್ ಮಿಲ್ ಅಣ್ಣ:
ಮೇಷ್ಟ್ರು ಹೇಳಿದ್ದೂ ವಾರದ ಪರವೇ, ಅಲ್ವಾ ಅಕ್ಕಾರ?

ಬೀದರ್ ಅಕ್ಕ:
ಮೇಷ್ಟ್ರ ಮಾತಿಗೆ ನನ್ನ ತಕರಾರಿಲ್ಲ. ನೀವಿನ್ನೂ ಅಳಿಸಿಲ್ಲ.

ಸೇಡಂ ರೋಡ್ ಹುಡುಗ:
ಅಕ್ಕಾ, ಬಿಡಿ, ರಾಲ್ಫ್ ವಿಷಯ ಓದಿ ಆಯ್ತು. ವಾಂಡಾವಿಷನ್ ಆಮೇಲೆ ನೋಡ್ತೀನಿ. ಮೇಷ್ಟ್ರೇ, ಮಿಸ್ ಮಾರ್ವೆಲ್ ಅರ್ಥ ಆಗೋಕೆ ಮುಂಚೆ ಬೇರೆ ಸರಣಿ ಯಾವುದಾದರೂ ನೋಡಿರಬೇಕಾ? ನಮ್ಮ ಅಜ್ಜಿ ತವರೂ ಆಳಂದದ ಕಡೆಯೇ. ದಸರಾ ರಜೆಗೆ ನಮ್ಮ ಮನೆಗೆ ಬರ್ತಾರೆ.